ಮೀಟಿಂಗ್ ಜಗಳಕ್ಕೆ ಮೊದಲು ಈ 30 ಪ್ರಶ್ನೆ

ನಮ್ಮ ಟೀಮಿನ ಮೀಟಿಂಗ್ ಅಂದರೆ ಇಬ್ಬರ ವಾದ, ಉಳಿದವರ ಮೌನ. ಅದಕ್ಕೇ ಎಲ್ಲರೂ ಥಾಮಸ್-ಕಿಲ್ಮನ್ ಪ್ರಶ್ನಾವಳಿ ತುಂಬಿದೆವು, ಭಿನ್ನಾಭಿಪ್ರಾಯ ಬಂದಾಗ ನಾವು ಹೇಗೆ ನಡೆದುಕೊಳ್ಳುತ್ತೇವೆ ಅಂತ ತೋರಿಸುವಂಥದ್ದು. 1974ರಲ್ಲಿ ಬಂದದ್ದು, 30 ಜೋಡಿ ಹೇಳಿಕೆಗಳು, ಪ್ರತಿ ಜೋಡಿಯಲ್ಲೂ ಒಂದನ್ನು ಆರಿಸಲೇಬೇಕು, ಕಾಲು ಗಂಟೆ ಸಾಕು. ಪಟ್ಟು ಹಿಡಿಯುವುದು, ಬಿಟ್ಟುಕೊಡುವುದು, ಜಾರಿಕೊಳ್ಳುವುದು, ಅರ್ಧಕ್ಕೆ ಒಪ್ಪುವುದು, ಕೂತು ಬಗೆಹರಿಸುವುದು, ಈ 5ರಲ್ಲಿ ನಾವು ಯಾವುದನ್ನು ಜಾಸ್ತಿ ಬಳಸುತ್ತೇವೆ ಅಂತ ತಿಳಿಯುತ್ತದೆ. ನನ್ನದು ಜಾರಿಕೊಳ್ಳುವುದು. ಶಾಂತಿ ಕಾಪಾಡುತ್ತಿದ್ದೇನೆ ಅಂದುಕೊಂಡಿದ್ದೆ, ನಿಜಕ್ಕೂ ಹೊಸ ಹುಡುಗರ ಪರ ಮಾತಾಡದೆ ಸುಮ್ನೆ ಕೂತಿದ್ದೆ, ಅದು ಗೊತ್ತಾದಾಗ ತುಂಬಾ ಬೇಜಾರಾಯಿತು. ಯಾವ ರೀತಿಯೂ ತಪ್ಪಲ್ಲ, ಸಂದರ್ಭ ನೋಡಿ ಬಳಸಬೇಕು ಅನ್ನುವುದು ಬಹಳ ಹಿಡಿಸಿತು. ಆದರೆ ಮೀಟಿಂಗ್ ನಡೆಸುವುದನ್ನು ಇದು ಹೇಳಿಕೊಡುವುದಿಲ್ಲ, ಅದನ್ನು ನಾವೇ ಕಂಡುಕೊಂಡೆವು: ಮೊದಲು ಎಲ್ಲರೂ 5 ನಿಮಿಷ ಬರೆಯುತ್ತೇವೆ, ಆಮೇಲೆ ಹೊಸಬರಿಂದ ಮಾತು ಶುರು. ಪ್ರಶ್ನಾವಳಿಯನ್ನು ದುಡ್ಡು ಕೊಟ್ಟು ತಗೊಳ್ಳಬೇಕು, ಮ್ಯಾನೇಜರ್ ಕೂಡ ಜೊತೆಗೆ ಕೂತು ತುಂಬುವುದಾದರೆ ಖಂಡಿತ ತಗೊಳ್ಳಿ.