ಪ್ರೌಢಶಾಲೆಯ ಮಕ್ಕಳಿಗೆ ಆರು ಪುಸ್ತಕಗಳ ಕಟ್ಟು: ಆಯ್ಕೆ ಅರ್ಧ ಸರಿ

ಶಿವಮೊಗ್ಗದ ಪುಸ್ತಕದಂಗಡಿಯೊಂದು ಈ ಬಾರಿ ಶಾಲೆ ತೆರೆಯುವ ಹೊತ್ತಿಗೆ, ಎಂಟರಿಂದ ಹತ್ತನೆಯ ತರಗತಿಯ ಮಕ್ಕಳು ಓದಲೇಬೇಕಾದ ಶ್ರೇಷ್ಠ ಕೃತಿಗಳು ಎಂದು ಆರು ಪುಸ್ತಕಗಳ ಕಟ್ಟೊಂದನ್ನು ಮಾರಾಟಕ್ಕೆ ಇಟ್ಟಿದೆ. ‘ಕರ್ವಾಲೊ’, ‘ಬೆಟ್ಟದ ಜೀವ’, ‘ಚೋಮನ ದುಡಿ’, ‘ಸಂಸ್ಕಾರ’, ‘ಮಲೆಗಳಲ್ಲಿ ಮದುಮಗಳು’ ಮತ್ತು ಕುಮಾರವ್ಯಾಸ ಭಾರತದ ಒಂದು ಗದ್ಯ ಸಂಗ್ರಹ ಅದರಲ್ಲಿವೆ. ಕಟ್ಟನ್ನು ಇಡಿಯಾಗಿ ಕೊಂಡರೆ ಮುದ್ರಿತ ಬೆಲೆಯಲ್ಲಿ ನೂರಕ್ಕೆ 15ರಷ್ಟು ರಿಯಾಯಿತಿಯೂ ಉಂಟು. ಎಂಟನೆಯ ತರಗತಿಗೆ ಕಾಲಿಟ್ಟಿರುವ ನನ್ನ ತಂಗಿಯ ಮಗಳಿಗಾಗಿ ಅದನ್ನು ಕೊಂಡೆ.

ಆಯ್ಕೆ ಮಾಡಿದವರಿಗೆ ಸಾಹಿತ್ಯ ಗೊತ್ತಿದೆ ಎಂಬುದರಲ್ಲಿ ಸಂಶಯವಿಲ್ಲ. ಮಕ್ಕಳು ಎಷ್ಟು ಗೊತ್ತು ಎಂಬುದರಲ್ಲಿ ಮಾತ್ರ ಸ್ವಲ್ಪ ಸಂಶಯವಿದೆ. ಕುವೆಂಪು ಮತ್ತು ಅನಂತಮೂರ್ತಿ ಇಬ್ಬರೂ ತೀರ್ಥಹಳ್ಳಿ ತಾಲ್ಲೂಕಿನವರೆಂಬ ನಮ್ಮ ಜಿಲ್ಲೆಯ ಸಹಜ ಹೆಮ್ಮೆಯೇ ಇಲ್ಲಿ ಆಯ್ಕೆಯನ್ನು ನಡೆಸಿದಂತಿದೆ. 1967ರಲ್ಲಿ ಪ್ರಕಟವಾದ ‘ಮಲೆಗಳಲ್ಲಿ ಮದುಮಗಳು’ ಕನ್ನಡದ ಮಹಾಕಾದಂಬರಿಗಳಲ್ಲಿ ಒಂದು. ಆದರೆ ಹತ್ತಾರು ಮನೆತನಗಳ, ಲೆಕ್ಕ ತಪ್ಪುವಷ್ಟು ಪಾತ್ರಗಳ ಆ ಹೆಗ್ಗಾಡಿನೊಳಗೆ ಹದಿಮೂರರ ಮಗುವನ್ನು ಒಂಟಿಯಾಗಿ ಬಿಟ್ಟರೆ ಅದು ಕುವೆಂಪು ಅವರನ್ನೇ ದೂರ ಇಡುವ ಅಪಾಯವಿದೆ. ‘ಸಂಸ್ಕಾರ’ದ ಪ್ರಾಣೇಶಾಚಾರ್ಯರ ತೊಳಲಾಟವಂತೂ, ಗಾತ್ರದಲ್ಲಿ ಪುಸ್ತಕ ಸಣ್ಣದಾದರೂ, ಬದುಕನ್ನು ತುಸು ಕಂಡವರಿಗೆ ಮಾತ್ರ ದಕ್ಕುವಂಥದ್ದು, ಕಾಲೇಜಿನವರೆಗೆ ಕಾಯಬಹುದು.

ಕುವೆಂಪು ಅವರನ್ನು ಕೊಡಲೇಬೇಕೆಂದಿದ್ದರೆ 1933ರಷ್ಟು ಹಿಂದೆಯೇ ಬಂದ ‘ಮಲೆನಾಡಿನ ಚಿತ್ರಗಳು’ ಇತ್ತಲ್ಲ. ಅದರ ‘ಅಜ್ಜಯ್ಯನ ಅಭ್ಯಂಜನ’ವನ್ನು ಓದಿ ನಗದ ಮಲೆನಾಡಿನ ಮಗುವನ್ನು ನಾನು ಇನ್ನೂ ಕಂಡಿಲ್ಲ. ಇನ್ನೂ ಕಿರಿಯರಿಗಾದರೆ ‘ಬೊಮ್ಮನಹಳ್ಳಿಯ ಕಿಂದರಿಜೋಗಿ’ ಸಾಕು. ಬ್ರೌನಿಂಗ್‌ನ ಹ್ಯಾಮೆಲಿನ್ ಊರಿನ ಇಲಿಗಳನ್ನು ಕವಿ ಎಷ್ಟು ಸಲೀಸಾಗಿ ತುಂಗೆಯ ದಡಕ್ಕೆ ತಂದರೆಂದರೆ, ಅದು ಹೊರಗಿನ ಕಥೆ ಎಂದು ಹೇಳಿದರೂ ಮಕ್ಕಳು ನಂಬುವುದಿಲ್ಲ.

ಕಟ್ಟಿನಲ್ಲಿ ನಿಜಕ್ಕೂ ಸರಿಯಾಗಿ ಕುಳಿತಿರುವುದು ತೇಜಸ್ವಿಯವರ ‘ಕರ್ವಾಲೊ’ (1980). ಜೇನು ಕೊಳ್ಳಲು ಹೋದವನ ಕಥೆ ಹಾರುವ ಓತಿಯ ಬೆನ್ನು ಹತ್ತಿ ಕಾಡಿನ ಒಳಗೊಳಗೆ ಸಾಗುವುದು, ಹಳ್ಳಿಯವರು ಕೈಲಾಗದವನೆಂದು ಬಗೆದಿದ್ದ ಮಂದಣ್ಣನನ್ನು ದೊಡ್ಡ ವಿಜ್ಞಾನಿಯೊಬ್ಬರು ಆಪ್ತ ಸಂಗಾತಿಯಾಗಿ ಕಾಣುವುದು, ಇವೆಲ್ಲ ಓದುವ ಮಗುವಿಗೆ ಯಾರ ವಿವರಣೆಯೂ ಇಲ್ಲದೆ ತಲುಪುತ್ತವೆ. ಪುಸ್ತಕ ಮುಗಿಸಿದವಳು ಮರುದಿನ ಅಡಿಕೆ ತೋಟಕ್ಕೆ ಹೋಗಿ ಒಂದೊಂದೇ ಮರದ ಕಾಂಡವನ್ನು ಕತ್ತು ನೋಯುವಷ್ಟು ಹೊತ್ತು ದಿಟ್ಟಿಸಿ, ‘ದೊಡ್ಡಮ್ಮ, ತೊಗಟೆಯ ಬಣ್ಣವೇ ಅದಕ್ಕೂ ಇದ್ದರೆ ಕಾಣುವುದು ಹೇಗೆ?’ ಎಂದು ಕೇಳಿದಳು. ಪಶ್ಚಿಮ ಘಟ್ಟದ ಅಡಿಕೆ ತೋಟಗಳಲ್ಲಿ ಆ ಓತಿ ಇಂದಿಗೂ ಇರುವುದರಿಂದ ಅವಳ ಹುಡುಕಾಟ ವ್ಯರ್ಥವೇನಲ್ಲ.

ಕಾರಂತರ ಎರಡು ಪುಸ್ತಕಗಳೂ ಒಪ್ಪುವಂಥವೇ. ‘ಬೆಟ್ಟದ ಜೀವ’ದಲ್ಲಿ ಘಟ್ಟದ ಕಾಡು ಕಡಿದು ತೋಟ ಎಬ್ಬಿಸಿದ ಗೋಪಾಲಯ್ಯನ ಉತ್ಸಾಹವೂ, ಮನೆ ಬಿಟ್ಟು ಹೋದ ಮಗನ ಕುರಿತು ಶಂಕರಮ್ಮನ ಕೊರಗೂ, ದೊಡ್ಡ ಮನೆಗಳಲ್ಲಿ ಮುದುಕರಿಬ್ಬರೇ ಉಳಿದಿರುವ ಇಂದಿನ ಮಲೆನಾಡಿನಲ್ಲಿ ಹಳತಾಗಿಲ್ಲ. ‘ಚೋಮನ ದುಡಿ’ಯನ್ನು ಮಾತ್ರ ಮಗುವಿನ ಕೈಗೆ ಕೊಟ್ಟು ಸುಮ್ಮನಾಗಬಾರದು. ಸ್ವಂತಕ್ಕೆ ಒಂದಿಷ್ಟು ನೆಲ ಗೇಯುವ ಆಸೆ ಜಾತಿಯ ಕಾರಣಕ್ಕೇ ಈಡೇರದೆ ಹೋದವನ ಕಥೆಯನ್ನು ಓದಿದ ಮಗು ಪ್ರಶ್ನೆ ಕೇಳುತ್ತದೆ, ಉತ್ತರಿಸುವ ಹಿರಿಯರು ಮನೆಯಲ್ಲಿರಬೇಕು.

ಅತ್ಯಂತ ನಿರಾಸೆ ತಂದದ್ದು ಕುಮಾರವ್ಯಾಸನ ಗದ್ಯ ಸಂಗ್ರಹ. ಅದರಲ್ಲಿ ಒಂದೇ ಒಂದು ಷಟ್ಪದಿಯೂ ಇಲ್ಲ. ವಿರಾಟಪರ್ವದ ಉತ್ತರಕುಮಾರನ ಒಣಜಂಬವನ್ನು ಒಂದು ಪ್ಯಾರಾದಲ್ಲಿ ಮುಗಿಸಿಬಿಟ್ಟಿದ್ದಾರೆ, ನಗು ಎಲ್ಲಿಂದ ಬರಬೇಕು? ಪಕ್ಕದ ಹೊಸಹಳ್ಳಿಯಲ್ಲಿ, ಕಾವ್ಯವನ್ನು ರಾಗವಾಗಿ ಓದಿ ಹೇಳುವ ಗಮಕ ಕಲೆ ಇಂದಿಗೂ ಬಾಳುತ್ತಿದೆ. ಅಲ್ಲಿನ ಗಮಕಿ ಎಚ್.ಆರ್. ಕೇಶವಮೂರ್ತಿಯವರಿಗೆ 2022ರಲ್ಲಿ ಪದ್ಮಶ್ರೀ ಸಂದಿತು. ಇಂಥ ಊರಿನ ಮಕ್ಕಳಿಗೆ ಭಾಮಿನಿಯ ನಾಲ್ಕು ಪದ್ಯಗಳನ್ನು ಮೊದಲು ಕೇಳಿಸಿ, ಆಮೇಲೆ ಅರ್ಥ ಹೇಳಿದರೆ ಸಾಕಾಗಿತ್ತು.

ಸಾಗರದ ನಾ. ಡಿಸೋಜ ಅವರ ‘ಮುಳುಗಡೆಯ ಊರಿಗೆ ಬಂದವರು’ ಕಟ್ಟಿನಲ್ಲಿ ಇಲ್ಲದಿರುವುದು ಇನ್ನೊಂದು ಕೊರತೆ. ಶರಾವತಿಯ ನೀರಿನಡಿ ಊರು ಕಳೆದುಕೊಂಡವರ ಮೊಮ್ಮಕ್ಕಳು ಈ ಜಿಲ್ಲೆಯ ಎಷ್ಟೋ ಶಾಲೆಗಳಲ್ಲಿರುವಾಗ, ಮಕ್ಕಳಿಗಾಗಿಯೇ ಬರೆದ ಆ ಕಾದಂಬರಿಯನ್ನು ಬಿಟ್ಟದ್ದೇಕೆಂದು ತಿಳಿಯಲಿಲ್ಲ.

ಅಂಗಡಿಯವರು ಮಾತಿಗೆ ಸಿಗುವವರು. ‘ಮಲೆಗಳಲ್ಲಿ ಮದುಮಗಳು’ವಿನ ಬದಲು ‘ಮಲೆನಾಡಿನ ಚಿತ್ರಗಳು’ ಕೊಡಿ ಎಂದಾಗ ಗೊಣಗದೆ ಕೊಟ್ಟರು, ಡಿಸೋಜರ ಪುಸ್ತಕವನ್ನು ತರಿಸಿಕೊಡುವುದಾಗಿಯೂ ಹೇಳಿದರು. ಆದರೆ ಕಟ್ಟು ಬಿಚ್ಚಿದರೆ ರಿಯಾಯಿತಿ ಇಲ್ಲ. ಕೊಳ್ಳುವವರು ಆ ಲೆಕ್ಕ ನೋಡದೆ, ಬೇಕಾದ ಮೂರನ್ನೇ ಬಿಡಿಯಾಗಿ ಕೊಳ್ಳುವುದು ಮೇಲು.