ಮಾಡೆಲ್ ನಂಬರ್ ಒಂದೇ ಇದ್ದರೂ ಹಳೆ ರ‍್ಯಾಮ್ ಜೊತೆ ಹೊಸದನ್ನು ಸೇರಿಸಬೇಡಿ

ಉಡುಪಿಯ ಕಡಿಯಾಳಿಯಲ್ಲಿ ನನ್ನದು ವಿಡಿಯೋ ಎಡಿಟಿಂಗ್ ಕೆಲಸ. ಡೆಸ್ಕ್‌ಟಾಪ್‌ನಲ್ಲಿ 8 ಜಿಬಿಯ ಎರಡು ಡಿಡಿಆರ್4 ರ‍್ಯಾಮ್ ಸ್ಟಿಕ್ ಇದ್ದವು. ಎರಡು ಸ್ಲಾಟ್ ಖಾಲಿ ಇತ್ತಲ್ವಾ, ಅದೇ ಕಂಪನಿಯ ಅದೇ ಮಾಡೆಲ್‌ನ ಇನ್ನೊಂದು ಜೋಡಿ ತಂದು ಹಾಕಿದೆ. 32 ಜಿಬಿ ಅಂತ ತೋರಿಸಿತು. ಕೆಲಸ ಮುಗಿಯಿತು ಅಂದುಕೊಂಡೆ.

ವಾರದೊಳಗೆ ತೊಂದರೆ ಶುರುವಾಯಿತು. ನೀಲಿ ಸ್ಕ್ರೀನ್ ಬರುವುದು, ಎಕ್ಸ್‌ಪೋರ್ಟ್ ಅರ್ಧಕ್ಕೆ ನಿಲ್ಲುವುದು. ಮೊದಲು ಯುಪಿಎಸ್ ಮೇಲೆ ಅನುಮಾನ ಬಂತು. ಆಮೇಲೆ ಸ್ಟಿಕ್‌ಗಳನ್ನು ತೆಗೆದು ರಬ್ಬರಿನಿಂದ ಉಜ್ಜಿ ಮತ್ತೆ ಹಾಕಿದೆ.

ಅಷ್ಟರಲ್ಲಿ ಬ್ರಹ್ಮಾವರದ ಒಂದು ಮನೆಯವರ ಹರಕೆ ಯಕ್ಷಗಾನ ಆಟದ ರೆಕಾರ್ಡಿಂಗ್ ಬಂತು. ರಾತ್ರಿಯಿಡೀ ಶೂಟ್ ಮಾಡಿದ್ದು. ಕಾಪಿ ಮಾಡಿ, ಮರುದಿನದ ಮದುವೆಗೆ ಬೇಕಲ್ಲ ಅಂತ ಕ್ಯಾಮೆರಾದ ಕಾರ್ಡ್ ಖಾಲಿ ಮಾಡಿದೆ. ಎಡಿಟ್‌ಗೆ ಕೂತಾಗ ನೋಡುತ್ತೇನೆ, ವೇಷ ರಂಗಸ್ಥಳಕ್ಕೆ ಬರುವ ಹೊತ್ತಿಗೇ ಚಿತ್ರವೆಲ್ಲ ಹಸಿರು ಚೌಕ. ಚೆಂಡೆ ಶಬ್ದ ತುಂಡು ತುಂಡು. ಕಾಪಿ ಮಾಡುವಾಗ ಡೇಟಾ ರ‍್ಯಾಮ್ ಮೂಲಕವೇ ಹೋಗುತ್ತದೆ. ಅಲ್ಲಿ ತಪ್ಪಾದರೆ ಡಿಸ್ಕ್‌ನಲ್ಲಿ ಉಳಿಯುವುದೂ ತಪ್ಪೇ. ಯಾವ ಎಚ್ಚರಿಕೆಯೂ ಬರಲಿಲ್ಲ. ಆ ಮನೆಯವರಿಗೆ ಫೋನ್ ಮಾಡಿ ಹೇಳುವಾಗ ನನಗೆ ಮಾತೇ ಹೊರಡಲಿಲ್ಲ.

ಆ ರಾತ್ರಿ ರ‍್ಯಾಮ್ ಪರೀಕ್ಷಿಸುವ ಮೆಮ್‌ಟೆಸ್ಟ್86 ಪ್ರೋಗ್ರಾಂ ಓಡಿಸಿದೆ. ಉಚಿತ, ಪೆನ್‌ಡ್ರೈವ್‌ನಿಂದಲೇ ಬೂಟ್ ಆಗುತ್ತದೆ. ನಾಲ್ಕೂ ಸ್ಟಿಕ್ ಇದ್ದಾಗ ಎರರ್. ಹಳೆ ಜೋಡಿ ಮಾತ್ರ ಹಾಕಿದರೆ ಸೊನ್ನೆ. ಹೊಸ ಜೋಡಿ ಮಾತ್ರ ಹಾಕಿದರೂ ಸೊನ್ನೆ! ಹಾಗಾಗಿ ಅಂಗಡಿಯವರು ವಾಪಸ್ ತೆಗೆದುಕೊಳ್ಳಲಿಲ್ಲ.

ಸ್ಟಿಕ್ಕರನ್ನು ಟಾರ್ಚ್ ಹಿಡಿದು ಓದಿದಾಗ ಮಾಡೆಲ್ ಒಂದೇ, ಕೆಳಗಿನ ಸಣ್ಣಕ್ಷರದ ವರ್ಷನ್ ನಂಬರ್ ಬೇರೆ. ಒಂದೇ ಹೆಸರಿನಲ್ಲಿ ಮಾರಿದರೂ ಒಳಗಿನ ಚಿಪ್ ಕಾಲಕಾಲಕ್ಕೆ ಬದಲಾಗುತ್ತದೆ. ಒಂದು ಪ್ಯಾಕ್‌ನಲ್ಲಿರುವ ಸ್ಟಿಕ್‌ಗಳು ಒಟ್ಟಿಗೆ ಓಡುತ್ತವೆ ಅಂತಷ್ಟೇ ಕಂಪನಿಯ ಭರವಸೆ. ಎರಡು ಪ್ಯಾಕ್ ಸೇರಿಸಿದರೆ ಅದು ಇಲ್ಲ. ಜೊತೆಗೆ ನಾಲ್ಕು ಸ್ಟಿಕ್ ಆದರೆ ಪ್ರೊಸೆಸರ್ ಒಳಗಿನ ಮೆಮೊರಿ ಕಂಟ್ರೋಲರ್‌ಗೆ ಹೊರೆ ಜಾಸ್ತಿ. ಡಿಡಿಆರ್4ರ ನಂತರದ ತಲೆಮಾರು ಡಿಡಿಆರ್5ನಲ್ಲಂತೂ ಇನ್ನೂ ಕಷ್ಟ. ಡೆಸ್ಕ್‌ಟಾಪ್‌ನ ರೈಜನ್ 7000 ಪ್ರೊಸೆಸರ್ ಸರಣಿಗೆ ಅದರ ಕಂಪನಿ ಎಎಮ್‌ಡಿ ಹೇಳುವ ರ‍್ಯಾಮ್ ವೇಗ ಎರಡು ಸ್ಟಿಕ್‌ಗೆ 5200 ಎಂಟಿ/ಎಸ್, ನಾಲ್ಕಕ್ಕೆ 3600 ಮಾತ್ರ.

ನಾನು ಎಕ್ಸ್‌ಎಂಪಿಯಲ್ಲಿ (ರ‍್ಯಾಮ್ ವೇಗ ಏರಿಸುವ ಬಯಾಸ್ ಸೆಟ್ಟಿಂಗ್) ವೇಗ 3200ಕ್ಕೆ ಇಟ್ಟಿದ್ದೆ. 2666ಕ್ಕೆ ಇಳಿಸಿದ ಮೇಲೆ ಎರರ್ ನಿಂತಿತು. ಆದರೂ ನಂಬಿಕೆ ಬರಲಿಲ್ಲ. ಎರಡೂ ಜೋಡಿ ತೆಗೆದಿಟ್ಟು, 16 ಜಿಬಿಯ ಎರಡು ಸ್ಟಿಕ್ ಒಂದೇ ಪ್ಯಾಕ್‌ನಲ್ಲಿರುವುದನ್ನು ತಂದೆ. ಮೊದಲೇ ಇದನ್ನು ಮಾಡಬೇಕಿತ್ತು.

ನೀವು ಈಗಾಗಲೇ ಸೇರಿಸಿದ್ದರೆ ಇವತ್ತು ರಾತ್ರಿಯೇ ಟೆಸ್ಟ್‌ಗೆ ಇಡಿ. ಬೆಳಿಗ್ಗೆ ಒಂದೇ ಒಂದು ಎರರ್ ಕಂಡರೂ ಸುಮ್ನೆ ಬಿಡಬೇಡಿ. ಅಲ್ಲಿವರೆಗೆ ಯಾವ ಕಾರ್ಡನ್ನೂ ಖಾಲಿ ಮಾಡಬೇಡಿ.