ಸಿಟಿ ಬಸ್ಸಿನ ಬೋರ್ಡುಗಳು: ಹನ್ನೊಂದು ವರ್ಷ ಓದಿದ ಮೇಲೆ

ಬೆಂಗಳೂರಿನಲ್ಲಿ ಹೆಬ್ಬಾಳದಿಂದ ಮಾರತ್ತಹಳ್ಳಿಗೆ 500ಡಿ ಬಸ್ಸು ಹತ್ತಲು ಶುರುಮಾಡಿ ಹನ್ನೊಂದು ವರ್ಷ ಆಯ್ತು. ಬಸ್ಸಿನ ಟೈಮಿಂಗ್ ಬಗ್ಗೆ ಬರೆಯೋರು ಬೇಕಾದಷ್ಟು ಜನ ಇದ್ದಾರೆ. ನಾನು ಬರೆಯುತ್ತಿರುವುದು ಒಳಗಿನ ಬೋರ್ಡುಗಳ ಬಗ್ಗೆ. ಒಂದು ಕೈ ಕಂಬಿಗೆ, ಇನ್ನೊಂದು ಊಟದ ಡಬ್ಬಿಗೆ. ಟಿನ್ ಫ್ಯಾಕ್ಟರಿ ಹತ್ತಿರ ಬಸ್ಸು ನಿಂತರೆ ನಿಂತೇ ಇರುತ್ತದೆ. ಓದಲು ಇನ್ನೇನಿದೆ?

'ಕೈ, ತಲೆ ಹೊರಗೆ ಹಾಕಬೇಡಿ' ಅನ್ನುವುದನ್ನು ಅಮ್ಮಂದಿರು ಮಕ್ಕಳಿಗೆ ಓದಿ ಹೇಳುತ್ತಾರೆ, ಅಷ್ಟು ಸಾಕು. 'ಫುಟ್‌ಬೋರ್ಡ್ ಮೇಲೆ ನಿಲ್ಲಬೇಡಿ' ಅನ್ನುವುದಕ್ಕೆ ತಾನಾಗಿ ಮುಚ್ಚುವ ಬಾಗಿಲು ಬಂದ ಮೇಲೆ ಜಾಸ್ತಿ ಕೆಲಸವಿಲ್ಲ. 'ಚಿಲ್ಲರೆ ಕೊಟ್ಟು ಸಹಕರಿಸಿ' ಹಳೆಯದಾಯ್ತು ಅಂದುಕೊಂಡಿದ್ದೆ. 2025ರ ಜನವರಿಯಲ್ಲಿ ಕನಿಷ್ಠ ದರ 5 ರೂಪಾಯಿಯಿಂದ 6 ಆಯ್ತು ನೋಡಿ, ಮತ್ತೆ ಎಲ್ಲರೂ ಒಂದು ರೂಪಾಯಿಗಾಗಿ ಜೇಬು ತಡಕಾಡತೊಡಗಿದರು. ಕ್ಯೂಆರ್ ಕೋಡ್ ಇರೋದಕ್ಕೆ ಬಚಾವ್.

ನನ್ನ ಪ್ರಕಾರ ಚೆನ್ನಾಗಿ ನಡೆಯುವ ಬೋರ್ಡು 'ಮಹಿಳೆಯರಿಗೆ'. ಗಂಡಸು ಹೋಗಿ ಕೂತರೆ ಕಂಡಕ್ಟರ್ "ಏಳಿ ಸಾರ್" ಅನ್ನುತ್ತಾರೆ, ಅವರು ಅನ್ನದಿದ್ದರೆ ಪಕ್ಕದವರು ಅನ್ನುತ್ತಾರೆ. 2023ರ ಜೂನ್ 11ಕ್ಕೆ ಶಕ್ತಿ ಯೋಜನೆ ಬಂದು ಹೆಂಗಸರಿಗೆ ಟಿಕೆಟ್ ಉಚಿತವಾದ ಮೇಲೆ ಜಗಳ ಹಿಂದಿನ ಸೀಟುಗಳಿಗೆ ಬಂತು. "ನಮ್ಮ ಸೀಟೂ ಇವರಿಗೇ ಬೇಕಾ" ಅಂತ ಒಬ್ಬರು ಗೊಣಗಿದರು. ಕೂತಿದ್ದ ಹೆಂಗಸು ಕಿಟಕಿ ಮೇಲಿನ ಖಾಲಿ ತಗಡನ್ನು ತೋರಿಸಿ, "ಗಂಡಸರಿಗೆ ಅಂತ ಎಲ್ಲಿ ಬರೆದಿದೆ ಹೇಳಿ?" ಅಂದರು. ಅಲ್ಲಿಗೆ ಮುಗೀತು.

ಸೋತಿರುವುದು 'ಹಿರಿಯ ನಾಗರಿಕರಿಗೆ'. ಯಾಕೆ ಅಂತ ನನಗೆ ಹೊಳೆಯಲು ವರ್ಷಗಳೇ ಬೇಕಾದವು. ನಾನು ಹತ್ತುವ ಬಸ್ಸುಗಳಲ್ಲಿ ಅದು ಕಿಟಕಿಯ ಮೇಲೆ, ಕೂತವರ ತಲೆಯಿಂದ ಎರಡಡಿ ಎತ್ತರದಲ್ಲಿದೆ. ಓದಬೇಕಾದವನಿಗೆ ಕಾಣುವುದಿಲ್ಲ. ಎದುರಿಗೆ ನಿಂತ ತಾತನಿಗೆ ಮಾತ್ರ ದಪ್ಪಕ್ಷರದಲ್ಲಿ ಕಾಣುತ್ತದೆ. ಅದು ಅವರದೇ ಸೀಟು ಅಂತ ಅವರಿಗೆ ಮೊದಲೇ ಗೊತ್ತು!

ಒಮ್ಮೆ ನಾಗವಾರದಲ್ಲಿ ಹತ್ತಿದ ತಾತ ಒಬ್ಬರು ಇದಕ್ಕೊಂದು ದಾರಿ ಕಂಡುಕೊಂಡಿದ್ದರು. ಯಾರನ್ನೂ ಏನೂ ಕೇಳಲಿಲ್ಲ. ಕನ್ನಡಕ ಮೇಲೆತ್ತಿ, ಒಂದನೇ ಕ್ಲಾಸಿನ ಹುಡುಗನ ಹಾಗೆ ಜೋರಾಗಿ ಓದತೊಡಗಿದರು: "ಹಿ... ರಿ... ಯ... ನಾ..." 'ಗರಿಕರಿಗೆ' ಬರುವಷ್ಟರಲ್ಲಿ ಇಡೀ ಬಸ್ಸು ನಗುತ್ತಿತ್ತು. ಕೂತಿದ್ದ ಹುಡುಗ ಇಯರ್‌ಫೋನ್ ಕಿತ್ತು ಸುತ್ತ ನೋಡಿದ. ಆಮೇಲೆ ತಲೆ ಎತ್ತಿದ. ಪಾಪ, ಕಿವಿ ಕೆಂಪಾಯ್ತು. "ಸಾರಿ ತಾತ, ಕೂತ್ಕೊಳಿ" ಅಂತ ಎದ್ದ. ತಾತ ಕೂತು ಅವನ ಬ್ಯಾಗನ್ನು ತೊಡೆ ಮೇಲೆ ಇಟ್ಟುಕೊಂಡರು.

ಮೊಬೈಲ್ ಸದ್ದಿನ ವಿಷಯ ಬೇಗ ಮುಗಿಸುತ್ತೇನೆ, ಬರೆದರೆ ಸಿಟ್ಟೇ ಬರುತ್ತದೆ. ಬಸ್ಸಿನಲ್ಲಿ ಸ್ಪೀಕರ್ ಹಾಕಿ ಹಾಡು, ವಿಡಿಯೋ ನೋಡಬಾರದು ಅಂತ 2021ರಲ್ಲೇ ಹೈಕೋರ್ಟ್ ಹೇಳಿದೆ. ಆದರೂ ರೀಲ್ಸ್ ನಿಂತಿಲ್ಲ. ನಾನು "ಸ್ವಲ್ಪ ಸೌಂಡ್ ಕಮ್ಮಿ ಮಾಡ್ತೀರಾ" ಅಂತ ಮೆಲ್ಲಗೆ ಕೇಳುತ್ತೇನೆ. ಹತ್ತರಲ್ಲಿ ಆರು ಜನ ಕಮ್ಮಿ ಮಾಡುತ್ತಾರೆ.

ಬ್ಯಾಗು ಅಂದೆನಲ್ಲ, ಅದರ ಬಗ್ಗೆ ಯಾವ ಬೋರ್ಡೂ ಇಲ್ಲ. ಕೂತವರು ನಿಂತವರ ಬ್ಯಾಗು ಇಟ್ಟುಕೊಳ್ಳಬೇಕು ಅಂತ ಯಾರು ಹೇಳಿಕೊಟ್ಟರೋ. ಕಂಡಕ್ಟರ್ ಹತ್ತಿರ ಹೋಗಲಾಗದಷ್ಟು ರಶ್ ಇದ್ದಾಗ ನೂರರ ನೋಟು ಆರು ಕೈ ದಾಟಿ ಹೋಗುತ್ತದೆ. ಟಿಕೆಟ್ಟು, ಚಿಲ್ಲರೆ ಅದೇ ದಾರಿಯಲ್ಲಿ ವಾಪಸ್ ಬರುತ್ತವೆ. ಹನ್ನೊಂದು ವರ್ಷದಲ್ಲಿ ನನಗೆ ಒಂದು ರೂಪಾಯಿಯೂ ಕಮ್ಮಿ ಬಂದಿಲ್ಲ. ಇಬ್ಬರ ಸೀಟಿಗೆ ಮೂರನೆಯವರು ಬಂದು "ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ" ಅಂದರೆ ಮಾತ್ರ ನಾನು ಕಿಟಕಿ ಕಡೆ ನೋಡುತ್ತೇನೆ. ಕ್ಷಮಿಸಿ, ಸೊಂಟ ನೋವು.

ಜನರಿಗೆ ಐದಕ್ಕೆ ನಾಲ್ಕು ಸ್ಟಾರ್. ಬೋರ್ಡುಗಳಿಗೆ ಎರಡು. ಹಿರಿಯರ ಸೀಟಿನದನ್ನು ಕಿಟಕಿ ಮೇಲಿಂದ ತೆಗೆದು ಎದುರು ಸೀಟಿನ ಬೆನ್ನಿಗೆ, ಕೂತವರ ಕಣ್ಣಿಗೆ ಸರಿಯಾಗಿ ಅಂಟಿಸಿದ ದಿನ ಇನ್ನೊಂದು ಸ್ಟಾರ್ ಸೇರಿಸುತ್ತೇನೆ.